ಹೋಗೋ ಕೈ, ಬರೋ ಕೈ

ನಮ್ಮೂರಿಗೆ ಹೆಣ್ಣು ನೋಡೋಕೆ ಬರುವವರು, ಹುಡುಗಿ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ ಅಂದರೆ ಜಾತಕವನ್ನು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ಕೈಯಲ್ಲಿ ಯಾವ ಗುಣ ಇದೆ ಅಂತ. ಜ್ವರ ಇಳಿಸುವ ಕೈಯಾದರೆ ಪರವಾಗಿಲ್ಲ, ಜ್ವರಕ್ಕೆ ಮಾತ್ರೆ ಸಿಗುತ್ತದೆ. ಫಿಟ್ಸ್ ನಿಲ್ಲಿಸುವ ಕೈ ಅಂದರೆ, ಗಂಡಿನ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ, ಉಪ್ಪಿಟ್ಟು ಕೇಸರಿಬಾತು ತಿಂದು, ಆಮೇಲೆ ತಿಳಿಸ್ತೀವಿ ಅಂತ ಎದ್ದು ಹೋಗುತ್ತಾರೆ. ಅವರದೂ ತಪ್ಪಲ್ಲ ಬಿಡಿ. ಕೈಗುಣ ಮನೆಯವರಿಗೆ ತಗಲುವುದಿಲ್ಲ. ಊರಿಗೆಲ್ಲ ನಡೆಯುವ ಕೈ ಸ್ವಂತ ಮನೆಯ ಹೊಸಿಲು ದಾಟಿದರೆ ಬರೀ ಕೈ. ಸೊಸೆ ತಂದುಕೊಂಡು ಔಷಧಿ ಕಳೆದುಕೊಳ್ಳುವುದು ಯಾರಿಗೆ ಬೇಕು ಹೇಳಿ.

ನನ್ನದು ಉಸಿರಿನ ಕೈ. ಉಬ್ಬಸ ಬಂದವರ ಎದೆಯ ಮೇಲೆ ಬಲಗೈ ಇಟ್ಟರೆ ಉಸಿರು ದಾರಿಗೆ ಬರುತ್ತದೆ. ನಮ್ಮೂರಲ್ಲಿ ಇದಕ್ಕೆ ಬಿಡುವೇ ಇಲ್ಲ, ಯಾಕೆಂದರೆ ಊರ ಸುತ್ತ ಸುಣ್ಣ ಸುಡುವ ಗೂಡುಗಳು. ಸಂಜೆ ಗೂಡು ಬಿಚ್ಚಿದರೆ ಅಂಗಳದ ತುಳಸಿಯೂ ಬೆಳ್ಳಗಾಗುತ್ತದೆ. ಸಂತೆಯಲ್ಲಿ ಬೀನ್ಸ್ ಆರಿಸುತ್ತಾ ನಿಂತಿದ್ದರೂ ಯಾರೋ ಒಬ್ಬರು, "ಜಲಜಾ ಸಿಸ್ಟರ್, ಒಂದ್ ನಿಮಿಷ" ಅಂತ ಎದೆ ಮುಂದೆ ಮಾಡಿಕೊಂಡು ನಿಲ್ಲುತ್ತಿದ್ದರು. ಎಡಗೈಯಲ್ಲಿ ಚೀಲ, ಬಲಗೈ ಅವರ ಎದೆ ಮೇಲೆ. ತರಕಾರಿ ಮಾರುವ ಕೆಂಪಮ್ಮ, "ಸಿಸ್ಟರಿಗೆ ಒಂದು ಹಿಡಿ ಜಾಸ್ತಿ ಹಾಕೋ" ಅಂತ ಮಗನಿಗೆ ಗದರುವಳು. ಇಷ್ಟೇ ನನ್ನ ವೈಭವ.

ಈ ಕೈ ನನಗೆ ಕೊಟ್ಟವರು ನಮ್ಮ ವಾರ್ಡಿನ ಹಿರಿಯ ನರ್ಸು ಸೆವರಿನಮ್ಮ. ನಮ್ಮಲ್ಲಿ ನಿವೃತ್ತಿಯಾಗುವವರು ಕೊನೆಯ ದಿನ, ಹೊತ್ತು ಮುಳುಗುವ ಮೊದಲು, ಹೊಸದಾಗಿ ಕೆಲಸಕ್ಕೆ ಸೇರಿದವರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕೂರಬೇಕು. ಮಾತಾಡಬಾರದು. ಕೊಟ್ಟವರ ಕೈ ತಣ್ಣಗಾಗುತ್ತದೆ, ಅಲ್ಲಿಗೆ ಮುಗಿಯಿತು. ಕೈ ಪಡೆದವರು ಒಂದು ರಾತ್ರಿ ಕಳೆಯುವವರೆಗೆ ಅದನ್ನು ಯಾರ ಮೇಲೂ ಇಡುವಂತಿಲ್ಲ. ಹಿಡಿಯಲು ಯಾರೂ ಸಿಗದಿದ್ದರೆ ಹೊತ್ತು ಮುಳುಗಿದ ಮೇಲೆ ಗುಣ ಹೋಗುತ್ತದೆ, ಮತ್ತೆ ಬರುವುದಿಲ್ಲ. ಡಾಕ್ಟರುಗಳಿಗೆ ಈ ರಗಳೆ ಇಲ್ಲ. ಅವರಿಗೆ ಕೈಗುಣ ಇಲ್ಲ, ವರ್ಗಾವಣೆ ಇದೆ.

ನಾನು ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು. ಸೆವರಿನಮ್ಮ ಕೈ ಹಿಡಿದು ಕೂತ ಆ ಮಧ್ಯಾಹ್ನ ನನಗೆ ಇವತ್ತಿಗೂ ಹಾಗೇ ಇದೆ. ಡೆಟಾಲ್ ಮತ್ತು ಕೊಬ್ಬರಿ ಎಣ್ಣೆ ಬೆರೆತ ವಾಸನೆ, ಒರಟು ಬೆರಳು, ನನ್ನ ಅಂಗೈಗೆ ಇಳಿದ ಬಿಸಿ. ಮರುದಿನದಿಂದ ನನ್ನ ಬಲಗೈಯಿಂದ ನನ್ನದೇ ಎಡಗೈಯನ್ನು ಹಿಡಿದುಕೊಂಡರೆ ಅವರೇ ಹಿಡಿದ ಹಾಗಾಗುತ್ತಿತ್ತು. ಅವರು ಹೋಗಿ ಎಷ್ಟೋ ವರ್ಷವಾದ ಮೇಲೂ ಬೇಜಾರಾದಾಗೆಲ್ಲ ಹಾಗೇ ಹಿಡಿದುಕೊಂಡು ಕೂರುತ್ತಿದ್ದೆ. ನೋಡಿದವರು ಇವಳೇನೋ ಜಪ ಮಾಡುತ್ತಾಳೆ ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳಲಿ.

ಇನ್ನು ನಮ್ಮೆಜಮಾನರ ವಿಷಯ. ಹೆಸರು ಪಾಲಾಕ್ಷ, ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್. ಹೊರಗಿನವರು. ಗೂಡುಗಳಿಗೆ ಲೈನ್ ಎಳೆಯಲು ನಮ್ಮೂರಿಗೆ ಬಂದವರು ಎರಡನೇ ದಿನವೇ ತುಟಿ ನೀಲಿ ಮಾಡಿಕೊಂಡು, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ವಾರ್ಡಿಗೆ ಬಂದರು. ಎದೆ ಮೇಲೆ ಕೈ ಇಟ್ಟೆ. ಉಸಿರು ಬಂತು. ಕಣ್ಣು ಬಿಟ್ಟು ನನ್ನನ್ನಲ್ಲ, ನನ್ನ ಕೈಯನ್ನು ನೋಡಿದರು. ವಾರ ಬಿಟ್ಟು ಮತ್ತೆ ಬಂದರು. ಆಮೇಲೊಂದು ದಿನ ಉಸಿರು ಸಲೀಸಾಗಿ ಆಡುತ್ತಿದ್ದರೂ ಬಂದು ಬೆಂಚಿನ ಮೇಲೆ ಕೂತಿದ್ದರು.

"ಉಸಿರು ಸರಿಯಾಗೇ ಇದೆಯಲ್ರೀ?" ಅಂದೆ.

"ಇದೆ ಸಿಸ್ಟರ್. ಆದ್ರೆ ಕೆಡೋ ಹಾಗಿದೆ ಅನ್ನಿಸ್ತು."

ಹೀಗೆ ಕೆಡೋ ಹಾಗಿದೆ, ಕೆಡೋ ಹಾಗಿದೆ ಅನ್ನುತ್ತಲೇ ಒಂದು ದಿನ ಮದುವೆ ಮಾತು ತೆಗೆದರು. ನಾನು ನೇರವಾಗಿ ಹೇಳಿದೆ. ಮದುವೆಯಾದರೆ ಈ ಕೈ ನಿಮಗೆ ಬರೀ ಕೈ, ಸುಣ್ಣದ ಗಾಳಿ ನಿಮಗಾಗಲ್ಲ, ಊರಲ್ಲಿ ಇರೋಕಾಗಲ್ಲ, ನಾನು ಬಿಟ್ಟು ಬರೋಕಾಗಲ್ಲ, ಚೆನ್ನಾಗಿ ಯೋಚನೆ ಮಾಡಿ. ಅವರು ನನ್ನ ಬಲಗೈಯನ್ನು ಒಮ್ಮೆ ಮಗುಚಿ ನೋಡಿದರು. ಆಮೇಲೆ, "ಬರೀ ಕೈನೇ ಸಾಕು ರೀ" ಅಂದರು. ಅವತ್ತು ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ಧಾರೆ ಎರೆಯುವಾಗ ನನ್ನ ಕೈ ಅವರ ಬೊಗಸೆಯಲ್ಲಿತ್ತು. ನೀರು ಬೀಳುತ್ತಿದ್ದ ಹಾಗೇ ಅವರು ಒಂದು ಸಲ ಬೆಚ್ಚಿ ನನ್ನ ಮುಖ ನೋಡಿದರು. "ನೀರು ತಣ್ಣಗಿತ್ತು ಅಂದ್ಕೊಂಡೆ ಕಣೇ" ಅಂತ ಎಷ್ಟೋ ದಿನದ ಮೇಲೆ ಹೇಳಿದರು. ತಣ್ಣಗಾದದ್ದು ನೀರಲ್ಲ, ಕೈ ಅಂತ ಇಬ್ಬರಿಗೂ ಗೊತ್ತಿತ್ತು.

ಅಲ್ಲಿಂದ ನಮ್ಮ ಸಂಸಾರ ಅಂದರೆ ಶನಿವಾರದ ಸಂಜೆ ಗಾಡಿ ಮತ್ತು ಭಾನುವಾರದ ವಾಪಸ್ ಗಾಡಿ. ಅವರು ಹೊಳೆದಂಡೆಯ ಒಂದು ಊರಿಗೆ ವರ್ಗ ಮಾಡಿಸಿಕೊಂಡರು. ಅಲ್ಲಿ ಗಾಳಿ ಚೆನ್ನಾಗಿತ್ತು. ಇಲ್ಲಿಗೆ ಬಂದರೆ ಭಾನುವಾರ ಊಟಕ್ಕೆ ಕೂರುವ ಹೊತ್ತಿಗೇ ಎದೆಯಲ್ಲಿ ಸಿಳ್ಳೆ ಶುರು. ಪಾಯಸ ಬಡಿಸುತ್ತಾ ನಾನು ಆ ಸಿಳ್ಳೆ ಕೇಳಿಸದವಳಂತೆ ಇರಬೇಕು, ಅವರು ಸಿಳ್ಳೆಯೇ ಬಾರದವರಂತೆ ಇರಬೇಕು. ಆದರೂ ಹೊರಡುವ ಮುಂಚೆ ಒಂದು ಸಲ ನನ್ನ ಕೈ ತೆಗೆದು ತಮ್ಮ ಎದೆ ಮೇಲೆ ಇಟ್ಟುಕೊಳ್ಳುವರು. ಏನೂ ಆಗುತ್ತಿರಲಿಲ್ಲ. ಸುಮ್ಮನೆ ಇಟ್ಟುಕೊಳ್ಳುವರು, ಚಪ್ಪಲಿ ಮೆಟ್ಟಿ ಹೋಗುವರು. ಊರವರ ಉಸಿರೆಲ್ಲ ನನ್ನ ಕೈಯಲ್ಲಿ, ಗಂಡನ ಉಸಿರೊಂದು ಇಲ್ಲ. ಎಷ್ಟು ಸಲ ಆ ಕೈಯನ್ನೇ ಬೈದಿದ್ದೇನೋ. ಮಕ್ಕಳಾಗಲಿಲ್ಲ, ಅದನ್ನೂ ಕೈಯ ಲೆಕ್ಕಕ್ಕೇ ಹಾಕಿದೆ ಕೆಲವು ದಿನ.

ಹೋದ ವರ್ಷ ಅವರು ನಿವೃತ್ತರಾದರು. ಹೊಳೆದಂಡೆಯಲ್ಲಿ ಒಂದು ಸಣ್ಣ ಮನೆ. ಜಗಲಿ ಮೇಲೆ ಎರಡು ಬೆತ್ತದ ಕುರ್ಚಿ ಹಾಕಿದರು. ಫೋನ್ ಮಾಡಿದಾಗಲೆಲ್ಲ ಕುರ್ಚಿ ಸುದ್ದಿ. "ಒಂದು ಕುರ್ಚಿ ಬೆತ್ತ ಜೋತು ಬಿತ್ತು ಕಣೇ, ಇನ್ನೊಂದು ಹೊಸದರ ಹಾಗೇ ಇದೆ. ಬೆಕ್ಕು ಕೂಡ ಕೂರಲ್ಲ ಅದ್ರಲ್ಲಿ."

"ನೀವೇ ಬದಲಾಯಿಸಿ ಕೂತ್ಕೊಳ್ಳಿ" ಅಂದರೆ, "ಅದು ನಿಂದು" ಅನ್ನುವರು. ಫೋನಿಟ್ಟು ನಾನು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂರುವೆ.

ಹೀಗಿರುವಾಗ ಯುಗಾದಿ ಕಳೆದ ಮೇಲೆ ಸ್ವಯಂ ನಿವೃತ್ತಿ ಯೋಜನೆ ಬಂತು. ಹೊಸ ಆಡಳಿತಾಧಿಕಾರಿ ಎಲ್ಲರನ್ನೂ ಓಪಿಡಿ ಮುಂದೆ ನಿಲ್ಲಿಸಿ ಮೈಕಲ್ಲಿ ಹೇಳಿದರು. ಐವತ್ತು ದಾಟಿದವರು ಈಗಲೇ ಹೊರಡಬಹುದು, ಪೂರ್ತಿ ಪಿಂಚಣಿ ಸಿಗುತ್ತದೆ. ಆದರೆ ಅವರು ಬಿಟ್ಟ ಹುದ್ದೆ ರದ್ದು. ಆಗಲೇ ಕೆಲವರು ಬಂದಿರುವ ಹಾಗೆ ಆ ಜಾಗಕ್ಕೂ ಗುತ್ತಿಗೆಯವರೇ ಬರುತ್ತಾರೆ, ಹನ್ನೊಂದು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಹಿಂದಿನಿಂದ ಯಾರೋ, "ಹಂಗಾದ್ರೆ ಕೈ ಯಾರಿಗೆ ಕೊಡೋದು ಸಾರ್?" ಅಂದರು. ಆಡಳಿತಾಧಿಕಾರಿ ಹೊರಗಿನವರು. ಕಾಗದ ತಿರುವಿ ಹಾಕಿ, "ಅದು ಯೋಜನೆಯಲ್ಲಿಲ್ಲ" ಅಂದರು.

ಮೊದಲು ಹೋದವನು ಡ್ರೆಸ್ಸರ್ ಎಲ್ಲಪ್ಪ. ಅವನು ಕಟ್ಟಿದ ಗಾಯ ಕೀವಾಗುತ್ತಿರಲಿಲ್ಲ. ಮಗಳ ಮದುವೆ ಇತ್ತು, ಸಹಿ ಹಾಕಿದ. ಯಾರಾದರೂ ಒಬ್ಬ ಬರ್ತಾನೆ ಅಂತ ನಂಬಿಕೊಂಡಿದ್ದ ಪಾಪ. ಕೊನೆಯ ದಿನ ಸಂಜೆ ಆಸ್ಪತ್ರೆ ಗೇಟಿನ ಕಂಬಿ ಹಿಡಿದು ನಿಂತು, ಹೋಗುವವರು ಬರುವವರಿಗೆಲ್ಲ, "ಯಾರಾದ್ರೂ ಹಿಡ್ಕೊಳ್ರಪ್ಪೋ, ಹಿಡ್ಕೊಳ್ರಪ್ಪೋ" ಅಂದ. ನಾವೆಲ್ಲ ಆಗಲೇ ನಮ್ಮ ನಮ್ಮ ಗುಣ ಹೊತ್ತವರು, ಒಂದು ಕೈಗೆ ಒಂದೇ. ಗುತ್ತಿಗೆಯವರು ದೂರ ನಿಂತು ನೋಡುತ್ತಿದ್ದರು. ಹೊತ್ತು ಮುಳುಗಿತು. ಎಲ್ಲಪ್ಪ ಕಂಬಿ ಬಿಟ್ಟು ಕೈ ನೋಡಿಕೊಂಡ, ಸೈಕಲ್ ತಳ್ಳಿಕೊಂಡು ಹೋದ. ವಾರದಲ್ಲಿ ಡ್ರೆಸ್ಸಿಂಗ್ ರೂಮಿನ ಮುಂದೆ ಮೂಗು ಮುಚ್ಚಿಕೊಂಡು ಹೋಗುವ ಹಾಗಾಯಿತು.

ಗುತ್ತಿಗೆಯವರು ದೂರ ನಿಂತಿದ್ದಕ್ಕೆ ಕಾರಣ ಸರ್ವಮಂಗಳಕ್ಕ. ಹೆರಿಗೆ ವಾರ್ಡಿನ ಹಿರಿಯ ನರ್ಸು, ನೌಕರರ ಸಂಘದ ಕಾರ್ಯದರ್ಶಿ, ನನಗೆ ಅಕ್ಕನಿಗಿಂತ ಹೆಚ್ಚು. ಅಡ್ಡ ಬಿದ್ದ ಮಗುವನ್ನು ತಿರುಗಿಸುವ ಕೈ ಅವಳದು. ತನ್ನ ಮಗಳ ಹೆರಿಗೆಯಲ್ಲಿ ಮಾತ್ರ ಬಾಗಿಲ ಹೊರಗೆ ಸೆರಗು ಕಚ್ಚಿಕೊಂಡು ನಿಂತಿದ್ದವಳು. ಎಲ್ಲಪ್ಪನ ಕಥೆಯಾದ ಮರುದಿನ ಸೈಕಲ್ ಸ್ಟ್ಯಾಂಡಿನಲ್ಲಿ ಸಭೆ ಕರೆದಳು. ಹೋಗೋ ಕೈಗೆ ಬರೋ ಕೈ ಬೇಕು, ಪ್ರತಿ ಹುದ್ದೆಗೂ ಖಾಯಂ ನೇಮಕಾತಿ ಆಗಬೇಕು, ಅಲ್ಲಿಯವರೆಗೆ ಯಾರೂ ಯೋಜನೆಗೆ ಸಹಿ ಹಾಕಬಾರದು. ಇದು ಸಂಘದ ನಿರ್ಣಯ, ಇದಕ್ಕಾಗಿ ದಿನಾ ಆಸ್ಪತ್ರೆ ಮುಂದೆ ಧರಣಿ. ಯೋಜನೆ ಬಂದ ದಿನದಿಂದ ಗುತ್ತಿಗೆಯವರಿಗೂ ನಮಗೂ ಹೇಳುತ್ತಿದ್ದ ಇನ್ನೊಂದು ಮಾತನ್ನೂ ಸೇರಿಸಿದಳು. ಕೈಗುಣ ಗುತ್ತಿಗೆ ಕೈಯಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಯಾರೂ ಗುತ್ತಿಗೆಯವರ ಕೈ ಹಿಡಿಯಬಾರದು.

"ನಿಲ್ಲಲ್ಲ ಅಂತ ನೋಡ್ದೋರು ಯಾರು?" ಅಂತ ಎಕ್ಸ್‌ರೇ ಗುರುಬಸಪ್ಪ ಎದ್ದ. ಅವನದು ಬೇರೆ ಸಂಘ, ಯೋಜನೆ ಒಪ್ಪಿಕೊಂಡ ಸಂಘ. "ನಿಮ್ಮ ಕೈ ನೆಪ ಇಟ್ಕೊಂಡು ನಮ್ಮನ್ನ ಯಾಕ್ರೀ ಕಟ್ಟಿ ಹಾಕ್ತೀರ? ನಂದು ಮಿಷಿನ್ನು. ಸ್ವಿಚ್ ಆಫ್ ಮಾಡಿ ಮನೆಗೆ ಹೋಗ್ತೀನಿ."

"ಹೋಗಪ್ಪ, ಮಿಷಿನ್ ಹೊತ್ಕೊಂಡೇ ಹೋಗು" ಅಂದಳು ಸರ್ವಮಂಗಳಕ್ಕ. ಅಲ್ಲಿಂದ ಮಾತಿಗೆ ಮಾತು ಬೆಳೆದು, ನೀನು ಆಡಳಿತದ ಚೇಲಾ ಅಂತ ಇವರು, ನಿಮ್ಮದು ಹೆಂಗಸರ ಹಠ ಅಂತ ಅವರು, ಕೊನೆಗೆ ಇಬ್ಬರು ಅಟೆಂಡರುಗಳು ಕಾಲರ್ ಹಿಡಿದುಕೊಂಡು ನಾಲ್ಕು ಸೈಕಲ್ ಬೀಳಿಸಿದರು. ನಾನು ಒಂದು ಸ್ಕೂಟರಿಗೆ ಒರಗಿಕೊಂಡು ನಿಂತಿದ್ದೆ. ನನ್ನ ಕಣ್ಣ ಮುಂದೆ ಇದ್ದದ್ದು ಬೆತ್ತದ ಕುರ್ಚಿ.

ಆ ವಾರ ಯಜಮಾನರಿಗೆ ಶನಿವಾರ ಬರಲಾಗಲಿಲ್ಲ. ಫೋನಿನಲ್ಲಿ, "ಈಗ ಗಾಡಿ ಹತ್ತೋದು ಸ್ವಲ್ಪ ಕಷ್ಟ ಆಗ್ತಿದೆ ಕಣೇ. ಮುಂದಿನ ವಾರ ಖಂಡಿತ" ಅಂದರು. ಮುಂದಿನ ವಾರವೂ ಬರಲಿಲ್ಲ. ಸೋಮವಾರ ಹೋಗಿ ನಾನು ಸಹಿ ಹಾಕಿದೆ.

ಸಂಜೆಯೇ ಸರ್ವಮಂಗಳಕ್ಕ ನನ್ನ ಕ್ವಾರ್ಟರ್ಸಿಗೆ ಬಂದಳು. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ.

"ನಿಜಾನಾ?"

"ನಿಜ ಕಣಕ್ಕಾ."

"ಇನ್ನು ಐದಾರು ವರ್ಷ ತಡ್ಕೊಳ್ಳೋಕೆ ಆಗ್ತಿರಲಿಲ್ವಾ? ಅಷ್ಟರಲ್ಲಿ ನಾವು ಹುದ್ದೆ ತಂದೇ ತರ್ತಿದ್ವಿ."

"ಅಕ್ಕಾ, ನಿನ್ನ ಗಂಡ ದಿನಾ ಸಂಜೆ ಮನೆಗೆ ಬರ್ತಾರೆ. ಕಾಫಿಗೆ ಸಕ್ಕರೆ ಕಮ್ಮಿ ಅಂತ ನೀನು ಜಗಳ ಆಡ್ತೀಯ. ಜಗಳ ಆಡೋಕೂ ನಂಗೆ ಶನಿವಾರ ಬರಬೇಕು. ಈಗ ಶನಿವಾರಾನೂ ಇಲ್ಲ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಆಮೇಲೆ ಮೆತ್ತಗೆ, "ಸೆವರಿನಮ್ಮನ ಕೈ ಏನು ಮಾಡ್ತೀಯ?" ಅಂದಳು.

"ಮುಬೀನಾಗೆ ಕೊಡ್ತೀನಿ ಅಂದ್ಕೊಂಡಿದ್ದೀನಿ."

ಮುಬೀನಾ ನನ್ನ ವಾರ್ಡಿನ ಗುತ್ತಿಗೆ ನರ್ಸು. ಸುಣ್ಣದ ಗೂಡಿನವರ ಮನೆಯ ಮಗಳು, ಗಂಡ ಬಿಟ್ಟು ಹೋದ ಮೇಲೆ ಓದಿ ಕೆಲಸಕ್ಕೆ ಬಂದವಳು, ಮಾತು ಮೆಣಸಿನಕಾಯಿ. ಹೆಸರು ಕೇಳಿದ್ದೇ ಸರ್ವಮಂಗಳಕ್ಕನ ಮುಖ ಕೆಂಪಾಯಿತು.

"ನಿಂಗೇನಾದ್ರೂ ಬುದ್ಧಿ ಇದೆಯಾ ಜಲಜಾ? ಅವಳ ಕೈಲಿ ಅದು ನಿಂತ್ಬಿಡ್ತು ಅನ್ನು, ನಾಳೇನೇ ಆ ಆಡಳಿತದ ಮನುಷ್ಯ ಏನಂತಾನೆ? ನೋಡ್ರಮ್ಮಾ, ಗುತ್ತಿಗೆ ಕೈನೇ ಸಾಕು, ಖಾಯಂ ಯಾಕೆ ಅಂತಾನೆ. ಒಂದು ಹುದ್ದೇನೂ ಉಳಿಯಲ್ಲ. ಹನ್ನೊಂದು ತಿಂಗಳಿಗೆ ಅವಳನ್ನೂ ಕಳಿಸ್ತಾನೆ, ಕೈ ಬೀದಿಪಾಲು. ಇಷ್ಟು ಜನ ಬಿಸಿಲಲ್ಲಿ ಕೂತು ಕೂಗ್ತಿರೋದು ಯಾತಕ್ಕೆ?"

"ನಿಲ್ಲಲಿಲ್ಲ ಅನ್ನು. ನಿಂಗೆ ಸಂತೋಷ ಆಗುತ್ತಾ?"

ಈ ಮಾತು ನಾನು ಆಡಬಾರದಿತ್ತೇನೋ. ಅವಳ ಕಣ್ಣಲ್ಲಿ ನೀರು ತುಂಬಿತು. "ನಾನೂ ಸೆವರಿನಮ್ಮನ ಹತ್ರಾನೇ ಕೆಲಸ ಕಲಿತವಳು ಕಣೇ" ಅಂದು ಹೊರಟಳು. ಗೇಟಿನ ಹತ್ತಿರ ನಿಂತು, "ಅವಳ ಕೈ ಹಿಡಿದ್ರೆ ನನ್ನ ಮುಖ ನೋಡಬೇಡ" ಅಂದಳು. ಅವತ್ತಿಂದ ನಿಜವಾಗಿಯೂ ಮಾತು ಬಿಟ್ಟಳು. ಕಾರಿಡಾರಿನಲ್ಲಿ ಎದುರಾದರೆ ಬೋರ್ಡ್ ಓದುತ್ತಾ ಹೋಗುವಳು. ಅಲ್ಲಿದ್ದದ್ದು ಉಗುಳಬೇಡಿ ಅನ್ನುವ ಬೋರ್ಡು. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ನನ್ನ ಕೊನೆಯ ದಿನ ಒಂದು ಶನಿವಾರ. ಬೀಳ್ಕೊಡುಗೆ ಗೀಳ್ಕೊಡುಗೆ ಏನೂ ಇರಲಿಲ್ಲ, ಸಂಘದ ಬಹಿಷ್ಕಾರ. ಮಧ್ಯಾಹ್ನದವರೆಗೆ ಯಾರ ಕೈಯನ್ನೂ ಹಿಡಿಯುವುದಿಲ್ಲ ಅಂತಲೇ ಗಟ್ಟಿ ಮನಸ್ಸು ಮಾಡಿದ್ದೆ. ಹೋಗಲಿ, ಸರ್ವಮಂಗಳಕ್ಕನ ಮಾತೂ ಸುಳ್ಳಲ್ಲ. ಸೆವರಿನಮ್ಮ ನನ್ನ ಜೊತೆಗೇ ಮುಗಿಯಲಿ. ಆಗ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಮಗುವಿನ ಪಕ್ಕೆ ಒಳಗೆ ಹೋಗಿ ಹೋಗಿ ಬರುತ್ತಿತ್ತು. ಕೈ ಇಟ್ಟೆ. ಮಗು ನಿಧಾನಕ್ಕೆ ಉಸಿರೆಳೆದು, ಒಂದು ಸಲ ಅತ್ತು, ನನ್ನ ಬೆರಳು ಬಾಯಿಗೆ ಹಾಕಿಕೊಂಡಿತು. ಆ ತಾಯಿ ಮೈ ಮೇಲಿನ ಸುಣ್ಣದ ಹುಡಿ ಕೊಡವಿಕೊಳ್ಳುತ್ತಾ, "ನೀವು ಹೋಗ್ತೀರಂತೆ ಸಿಸ್ಟರ್. ನಾಳೆ ಬಂದ್ರೆ ಯಾರನ್ನ ಕೇಳ್ಲಿ?" ಅಂದಳು. ಜಗಳ ಮಾಡಲಿಲ್ಲ, ಅಳಲಿಲ್ಲ. ವಿಳಾಸ ಕೇಳುವ ಹಾಗೆ ಕೇಳಿದಳು.

ನನ್ನ ಕೋಪ ನೆತ್ತಿಗೇರಿತು. ಯಾರ ಮೇಲೆ ಅಂತ ಗೊತ್ತಿಲ್ಲ. "ಮುಬೀನಾ! ಬಾ ಇಲ್ಲಿ" ಅಂತ ಕೂಗಿದೆ.

ಅವಳು ಬಂದು, ವಿಷಯ ತಿಳಿದು, ಕೈ ಹಿಂದೆ ಕಟ್ಟಿಕೊಂಡಳು. "ಬೇಡ ಸಿಸ್ಟರ್. ಸಂಘದವರು ನನ್ನನ್ನ ಗೇಟಲ್ಲೇ ನಿಲ್ಲಿಸ್ತಾರೆ. ಸಂಕ್ರಾಂತಿ ಕಳೆದ್ರೆ ನನ್ನ ಗುತ್ತಿಗೇನೂ ಮುಗೀತು. ಆಮೇಲೆ ಈ ಕೈ ಏನು ಮಾಡ್ಲಿ, ಕಡಿದು ಕೊಟ್ಟು ಹೋಗ್ಲಾ?"

"ಮನೇಲಿ ಯಾರಿಗಾದ್ರೂ ಉಬ್ಬಸ ಇದೆಯಾ?"

"ಇಲ್ಲ."

"ಪುಣ್ಯ ಮಾಡಿದ್ದೀಯ. ಕೂತ್ಕೋ."

"ಅಲ್ಲ ಸಿಸ್ಟರ್..."

"ಕೂತ್ಕೋ ಅಂದೆ."

ಕೂತಳು. ಅವಳ ಬಲಗೈಯನ್ನು ನನ್ನ ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಿಟಕಿಯಾಚೆ ಧರಣಿಯ ಶಾಮಿಯಾನ, ಹೋಗೋ ಕೈಗೆ ಬರೋ ಕೈ ಅನ್ನುವ ಕೂಗು, ಎಲ್ಲರಿಗಿಂತ ಮೇಲೆ ಸರ್ವಮಂಗಳಕ್ಕನ ಗಂಟಲು. ಮೊದಲು ಬೆರಳ ತುದಿ ತಣ್ಣಗಾಯಿತು, ಆಮೇಲೆ ಅಂಗೈ. ಯಾರೋ ನನ್ನೊಳಗಿಂದ ಎದ್ದು, ಬಾಗಿಲು ಸದ್ದಾಗದ ಹಾಗೆ ಹಾಕಿಕೊಂಡು ಹೋದ ಹಾಗಾಯಿತು. ಅಮ್ಮಾ ಅಂದೆ, ಬಾಯಿ ಬಿಟ್ಟು ಅಲ್ಲ. ಮುಬೀನಾ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ನಂಗೇನೂ ಬೆಚ್ಚಗೆ ಆಗ್ಲಿಲ್ಲ ಸಿಸ್ಟರ್" ಅಂದಳು.

ನಂಬಿ. ಆ ಕ್ಷಣದಷ್ಟು ಬರಿದು ನಾನು ಯಾವತ್ತೂ ಆಗಿರಲಿಲ್ಲ. ಹೋಯಿತು, ಸರ್ವಮಂಗಳಕ್ಕ ಹೇಳಿದ್ದೇ ನಿಜ, ಗುತ್ತಿಗೆ ಕೈಯಲ್ಲಿ ನಿಲ್ಲಲಿಲ್ಲ. ಮನೆಗೆ ಬಂದು ಎಡಗೈಯನ್ನು ಬಲಗೈಯಲ್ಲಿ ಹಿಡಿದು ನೋಡಿದೆ. ನನ್ನದೇ ಕೈ, ನನ್ನದೇ ಕೈಯನ್ನು ಹಿಡಿದಿತ್ತು.

ಭಾನುವಾರ ಬೆಳಿಗ್ಗೆ ಯಜಮಾನರು ಬಂದರು. ಬೇಡವೆಂದರೂ ಕೇಳಲಿಲ್ಲ. "ಇಷ್ಟು ವರ್ಷ ಒಬ್ಬನೇ ವಾಪಸ್ ಹೋಗಿದ್ದೀನಿ. ಇವತ್ತು ಕರ್ಕೊಂಡು ಹೋಗೋಕೆ ಬರಲ್ವಾ?" ಬಿಳಿ ಷರ್ಟು ಹಾಕಿಕೊಂಡು, ಮದುಮಗನ ಹಾಗೆ ತಲೆ ಬಾಚಿಕೊಂಡು ಬಂದಿದ್ದರು. ಸೊರಗಿದ್ದರು.

ಗಾಡಿ ಸಂಜೆ. ಸಾಮಾನು ಮುಂಚೆಯೇ ಲಾರಿಯಲ್ಲಿ ಹೋಗಿತ್ತು. ಸ್ಟೇಷನ್ನಿಗೆ ಬಂದು ಬೆಂಚಿನ ಮೇಲೆ ಕೂತರೆ, ಗಾಡಿ ತಡ ಅಂದರು. ಮುಬೀನಾ ಡಬ್ಬಿಯಲ್ಲಿ ಶಾವಿಗೆ ಮಾಡಿಕೊಂಡು ಬಂದಳು. ಆಮೇಲೆ ನೋಡುತ್ತೇನೆ, ಪ್ಲಾಟ್‌ಫಾರಂ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ ಸರ್ವಮಂಗಳಕ್ಕ. ಬಂದಿದ್ದಳು, ಹತ್ತಿರ ಬರಲಿಲ್ಲ. ನಲ್ಲಿಯನ್ನು ತಿರುಗಿಸುವುದು, ನಿಲ್ಲಿಸುವುದು, ಮತ್ತೆ ತಿರುಗಿಸುವುದು. ಕರೆಯೋಣವೆಂದು ಕೈ ಎತ್ತಿದವಳು ಇಳಿಸಿದೆ. ಯಾವ ಮುಖ ಇಟ್ಟುಕೊಂಡು ಕರೆಯಲಿ.

ಅಷ್ಟರಲ್ಲಿ ಗೂಡು ಬಿಚ್ಚಿದರು. ಹಳಿಗಳ ಮೇಲೆ ಬೆಳ್ಳನೆ ಧೂಳು ಎದ್ದು ಬಂತು. ಯಜಮಾನರು ಕರವಸ್ತ್ರ ಮುಚ್ಚಿಕೊಂಡರು, ಉಬ್ಬಸದ ಪಂಪು ಬಾಯಿಗಿಟ್ಟು ಒತ್ತಿದರು, ಮತ್ತೆ ಒತ್ತಿದರು. ನಮ್ಮೂರ ಸುಣ್ಣ ಪಂಪಿಗೆ ಜಗ್ಗುವುದಿಲ್ಲ. ಸಿಳ್ಳೆ ಏರಿತು. ಕುತ್ತಿಗೆಯ ನರ ಎದ್ದವು. ಬೆಂಚಿನ ಅಂಚು ಹಿಡಿದು ಮುಂದಕ್ಕೆ ಬಾಗಿದರು. ಅಭ್ಯಾಸ ನೋಡಿ, ನಾನು ಎದೆ ಮೇಲೆ ಕೈ ಇಟ್ಟೇಬಿಟ್ಟೆ. ಗಂಡನಿಗೆ ಯಾವತ್ತೂ ಆಗದ ಕೈ, ಈಗ ಯಾರಿಗೂ ಆಗದ ಕೈ. ತುಟಿ ನೀಲಿಯಾಗುತ್ತಾ ಬಂತು, ಮೊದಲ ಸಲ ವಾರ್ಡಿಗೆ ಬಂದಾಗ ಇದ್ದ ಹಾಗೇ.

ಮುಬೀನಾ ಡಬ್ಬಿ ಹಿಡಿದು ಕಲ್ಲಾಗಿ ನಿಂತಿದ್ದಳು. "ಏನ್ ನೋಡ್ತಿದ್ದೀಯೇ! ಇಡು ಕೈನ!" ಅಂತ ಕಿರುಚಿದೆ. ಅವಳು ನನ್ನನ್ನು ನೋಡಲಿಲ್ಲ. ನಲ್ಲಿಯ ಕಡೆ ನೋಡಿದಳು.

ಸರ್ವಮಂಗಳಕ್ಕ ಓಡಿ ಬರುತ್ತಿದ್ದಳು. ಸೆರಗು ಜಾರಿ ನೆಲ ಗುಡಿಸುತ್ತಿತ್ತು. ಅಷ್ಟು ದೂರದಿಂದಲೇ, ಧರಣಿಯಲ್ಲಿ ಕೂಗಿ ಕೂಗಿ ಒಡೆದ ಗಂಟಲಲ್ಲಿ, "ಇಡಮ್ಮಾ! ನನ್ನ ಮುಖ ಏನು ನೋಡ್ತೀಯ, ಇಡು!" ಅಂದಳು.

ಡಬ್ಬಿ ಕೆಳಗೆ ಬಿತ್ತು. ಮುಬೀನಾ ಮಂಡಿಯೂರಿ ನನ್ನ ಕೈ ಸರಿಸಿ ತನ್ನ ಬಲಗೈ ಇಟ್ಟಳು. ಒಂದು ಉಸಿರು ಹಾಗೇ ಸಿಕ್ಕಿಕೊಂಡು ನಿಂತಿತು. ಆಮೇಲೆ ಒಳಗೆಲ್ಲೋ ಅಗುಳಿ ಸರಿದ ಹಾಗೆ ಉಸಿರು ಇಳಿಯಿತು. ಮತ್ತೊಂದು. ಸಿಳ್ಳೆ ಸಣ್ಣದಾಯಿತು. ತುಟಿಗೆ ಬಣ್ಣ ಬಂತು. ಯಜಮಾನರು ಬೆಂಚಿಗೆ ಒರಗಿ ಕಣ್ಣು ಮುಚ್ಚಿದರು. ಮುಬೀನಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಕೈ ಮಾತ್ರ ಅಲುಗಾಡಿಸಲಿಲ್ಲ. ಯಾರೂ ಹೇಳಿಕೊಡದೆ ಹೆಬ್ಬೆರಳನ್ನು ಕತ್ತಿನ ಗುಳಿಗೆ ಆನಿಸಿದ್ದಳು. ಸೆವರಿನಮ್ಮ ಇಡುತ್ತಿದ್ದದ್ದು ಹಾಗೇ.

ನನಗೆ ಏನಾಯಿತು ಅಂತ ಹೇಗೆ ಹೇಳಲಿ. ಸಂತೋಷವೇ. ಆದರೆ ಹೊಟ್ಟೆಯಲ್ಲಿ ಕಿಚ್ಚೂ ಇತ್ತು. ಇಷ್ಟು ವರ್ಷ ನಾನು ಇಡಬೇಕಾಗಿದ್ದ ಕೈ ಅದು. ಭಾನುವಾರ ಭಾನುವಾರವೂ ಇಟ್ಟು ಸೋತ ಕೈ ಅದು. ನನ್ನ ಕಣ್ಣೆದುರು ಇನ್ನೊಬ್ಬಳ ಮಣಿಕಟ್ಟಿನ ತುದಿಯಲ್ಲಿ ಇದ್ದುಕೊಂಡು ನನ್ನ ಗಂಡನಿಗೆ ಉಸಿರು ಕೊಡುತ್ತಿತ್ತು. ತಡೆಯಲಾಗದೆ, ನಾನು ಮುಬೀನಾಳ ಕೈ ಮೇಲೆ ನನ್ನ ಕೈ ಇಟ್ಟೆ. ಬೆಚ್ಚಗಿತ್ತು. ಊರವರೆಲ್ಲ ಇಷ್ಟು ದಿನ ನನ್ನಿಂದ ಪಡೆದದ್ದು ಇದನ್ನಾ ಅನ್ನಿಸಿತು. ಅಮ್ಮಾ, ಇಲ್ಲಿದ್ದೀಯಾ ಅಂದೆ. ಈ ಸಲ ಬಾಯಿ ಬಿಟ್ಟೇ ಅಂದೆ.

ಯಜಮಾನರು ಕಣ್ಣು ಬಿಡದೆ ನಕ್ಕರು. "ಮೇಲಿರೋದು ನಿಂದು" ಅಂದರು.

"ಹೆಂಗೆ ಗೊತ್ತಾಯ್ತು ನಿಮ್ಗೆ?"

"ಕೆಳಗಿರೋದು ಮದುವೆಗೆ ಮುಂಚಿನದು. ಮೇಲಿರೋದು ತಣ್ಣಗಿದೆ. ನನ್ನ ಹೆಂಡ್ತೀದು."

ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದೆ. ಅವರು ಬಿಡಲಿಲ್ಲ. "ಎರಡೂ ಇರ್ಲಿ" ಅಂದರು.

ಸರ್ವಮಂಗಳಕ್ಕ ಬೆಂಚಿನ ಇನ್ನೊಂದು ತುದಿಯಲ್ಲಿ ಧೊಪ್ಪನೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ಮುಬೀನಾಳ ಕೈಯನ್ನೇ ನೋಡಿದಳು. ಅವಳ ವಾದ ಅವಳ ಕಣ್ಣೆದುರೇ ಮುರಿದು ಬಿದ್ದಿತ್ತು, ಅವಳೇ ಕೂಗಿ ಮುರಿದಿದ್ದಳು. "ಅಕ್ಕಾ, ನಾನು ಯಾರಿಗೂ ಹೇಳಲ್ಲ" ಅಂದೆ. ಮುಬೀನಾ ಕೂಡ, "ನಾನು ಕೈ ಮುಚ್ಚಿಟ್ಕೋತೀನಿ ಅಕ್ಕಾ" ಅಂದಳು.

"ಮುಚ್ಚಿಡ್ತಾಳಂತೆ! ನಾಳೆ ಬೆಳಿಗ್ಗೆ ಗೂಡಿನ ಮಕ್ಕಳು ಬಂದು ನಿಂತ್ರೆ ಮುಚ್ಚಿಡ್ತೀಯಾ?" ಅಂತ ಗದರಿದಳು. ಜಾರಿದ ಸೆರಗನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೆ ನಿನ್ನನ್ನ ಶಾಮಿಯಾನದಲ್ಲಿ ಎಲ್ಲರ ಮುಂದೆ ಕೂರಿಸ್ತೀನಿ. ಬರೋ ಕೈ ಬಂದಾಯ್ತು ಸ್ವಾಮಿ, ಇನ್ನು ಹುದ್ದೆ ಎಲ್ಲಿ ಅಂತ ಆ ಮನುಷ್ಯನ್ನ ಕೇಳ್ತೀನಿ. ನಿನ್ನ ಖಾಯಂ ಮಾಡ್ದೆ ಅವನು ಹೆಂಗೆ ಕಳಿಸ್ತಾನೋ ನೋಡೇಬಿಡೋಣ." ಗೆಲ್ಲುತ್ತೇವೆ ಅನ್ನುವ ನಂಬಿಕೆ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ಕೆಳಗೆ ಚೆಲ್ಲಿದ ಶಾವಿಗೆಯನ್ನು ನಾಯಿಯೊಂದು ನೆಕ್ಕುತ್ತಿತ್ತು.

ಗಾಡಿ ಬಂತು. ಜನ ಇಳಿದರು, ಹತ್ತಿದರು. ನಾನು ಯಜಮಾನರ ಮುಖ ನೋಡಿದೆ. ಅವರು ಕಣ್ಣು ತೆರೆದು, ಸುಣ್ಣದ ಧೂಳಿನಲ್ಲಿ ಕೆಂಪಗೆ ಇಳಿಯುತ್ತಿದ್ದ ಹೊತ್ತನ್ನು ನೋಡುತ್ತಿದ್ದರು. ಎದೆ ಸಲೀಸಾಗಿ ಏರಿ ಇಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಅವರು ಈ ಊರಿನ ಭಾನುವಾರದ ಸಂಜೆಯನ್ನು ಉಬ್ಬಸವಿಲ್ಲದೆ ನೋಡಿರಲೇ ಇಲ್ಲ.

"ನಿಮ್ಮೂರು ಚೆನ್ನಾಗಿದೆ ಕಣೇ" ಅಂದರು.

ಗಾರ್ಡ್ ಸೀಟಿ ಊದಿದ. ಹತ್ತೋಣವೇ ಅಂತ ನಾನು ಕೇಳಲಿಲ್ಲ, ಅವರೂ ಏಳಲಿಲ್ಲ. ಮುಬೀನಾ ಕೈ ತೆಗೆಯಲಿಲ್ಲ. ಗಾಡಿ ಹೋದ ಮೇಲೆ ಪ್ಲಾಟ್‌ಫಾರಂ ಖಾಲಿಯಾಯಿತು.

"ಬೆಳಿಗ್ಗೆ ಒಂದು ಗಾಡಿ ಇದೆಯಲ್ವಾ?" ಅಂದರು ಯಜಮಾನರು.

"ಇದೆ" ಅಂದೆ.